ಚಂದ್ರಗಿರಿಯ ದಡದ ಹಿರಿಯ ಲೇಖಕಿ ಮತ್ತು ವಾಚಕಿಯರ ಬಳಗ

1956ರ ನವೆಂಬರ್ 1ರಂದು ಕೊಡಗು ರಾಜ್ಯವು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಕೊಡಗಿನ ಉತ್ತರದ ಅಂಚಿನಲ್ಲಿರುವ ಕೊಡ್ಲಿಪೇಟೆಗೂ ನೆರೆಯ ಹಾಸನಕ್ಕೂ ನಡುವೆ ಇದ್ದ ರಾಜ್ಯದ ಗಡಿ ಅಂದು ಬರಿಯ ಜಿಲ್ಲೆಯ ಗಡಿಯಾಯಿತು. ಅದೇ ದಿನ ದಕ್ಷಿಣ ಕನ್ನಡದಿಂದ ಬೇರ್ಪಟ್ಟ ಕಾಸರಗೋಡು ಕೇರಳಕ್ಕೆ ಸೇರಿತು. ಕೊಡಗಿನ ಬೆಟ್ಟಗಳಲ್ಲಿ ಪಯಸ್ವಿನಿಯಾಗಿ ಹುಟ್ಟಿ, ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿ ಕಡಲನ್ನು ಕೂಡುವ ನದಿಯ ಮೂಲವೊಂದು ರಾಜ್ಯದಲ್ಲಿ, ಅಳಿವೆ ಇನ್ನೊಂದರಲ್ಲಿ ಉಳಿಯಿತು.

ಆ ನದಿಯ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಸ್ಥಿರಗೊಳಿಸಿದವರು ಸಾರಾ ಅಬೂಬಕ್ಕರ್ (1936–2023). ಮಲಯಾಳಂ ಮನೆಮಾತಿನ ಮುಸ್ಲಿಂ ಕುಟುಂಬದಲ್ಲಿ ಕಾಸರಗೋಡಿನಲ್ಲಿ ಜನಿಸಿ, ಕನ್ನಡ ಶಾಲೆಯಲ್ಲಿ ಕಲಿತವರು. ಹೆಚ್ಚಿನ ಓದಿನ ಆಸೆಗೆ ಅಂದಿನ ಸಮಾಜ ತಡೆಯಾಯಿತು. ಮದುವೆ, ಸಂಸಾರ, ಮಕ್ಕಳ ಪಾಲನೆಯಲ್ಲಿ ವರ್ಷಗಳು ಸಂದವು. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಅವರ ಮೊದಲ ಲೇಖನ ಪ್ರಕಟವಾದಾಗ ವಯಸ್ಸು ನಲವತ್ತೈದರ ಆಸುಪಾಸು. ಆ ಬಳಿಕ ಬಂದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ, ತಂದೆಯ ಹಟಕ್ಕೂ ತಲಾಖಿನ ಕಟ್ಟಳೆಗೂ ಸಿಲುಕಿ ಮಸೀದಿಯ ಕೊಳದ ಪಾಲಾಗುವ ಹೆಣ್ಣು. ಈ ಬರವಣಿಗೆಗೆ ಸ್ವಸಮುದಾಯದ ಸಂಪ್ರದಾಯವಾದಿಗಳಿಂದ ಉಗ್ರ ವಿರೋಧ ಬಂದಿತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮತೀಯತೆಯನ್ನು, ಅದು ಯಾವ ಮತದ್ದೇ ಇರಲಿ, ಕೊನೆಯವರೆಗೂ ಟೀಕಿಸಿದರು.

ಗಡಿನಾಡಿನ ಇಂತಹ ಬರವಣಿಗೆಯನ್ನು ಓದುವಾಗ ಅಮೆರಿಕದ ಚಿಕಾನಾ ಲೇಖಕಿಯರು, ಅಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ ಬರಹಗಾರ್ತಿಯರು, ನೆನಪಾಗುವುದು ಸಹಜ. 1848ರ ಒಪ್ಪಂದದಿಂದ ಮೆಕ್ಸಿಕೊದ ಉತ್ತರಭಾಗ ಅಮೆರಿಕದ ವಶವಾದಾಗ, ಅಲ್ಲಿದ್ದವರು ಕದಲದೆಯೇ ಗಡಿ ಅವರನ್ನು ದಾಟಿತು. ಚೆರಿ ಮೊರಾಗಾ ಮತ್ತು ಗ್ಲೋರಿಯಾ ಅನ್ಜಾಲ್ಡುವಾ ಸಂಪಾದಿಸಿದ 'ದಿಸ್ ಬ್ರಿಡ್ಜ್ ಕಾಲ್ಡ್ ಮೈ ಬ್ಯಾಕ್' ಸಂಕಲನ ಹೊರಬಂದುದೂ 1981ರಲ್ಲಿಯೇ. ಅದರ ಮರುಮುದ್ರಣವನ್ನು 1983ರಲ್ಲಿ ತಂದದ್ದು ವರ್ಣೀಯ ಮಹಿಳೆಯರೇ ಕಟ್ಟಿದ 'ಕಿಚನ್ ಟೇಬಲ್' ಎಂಬ ಪ್ರಕಾಶನ. ಇತ್ತ ಸಾರಾ ಅವರು 1994ರಲ್ಲಿ 'ಚಂದ್ರಗಿರಿ ಪ್ರಕಾಶನ'ವನ್ನು ಆರಂಭಿಸಿದರು. ಭೇದವೂ ಉಂಟು. ಅನ್ಜಾಲ್ಡುವಾ ಇಂಗ್ಲಿಷ್‌ನೊಳಗೆ ಸ್ಪ್ಯಾನಿಷನ್ನು ಬೆರೆಸಿ ಬರೆದರೆ, ಸಾರಾ ಮನೆಯಲ್ಲಿ ಆಡದ ಕನ್ನಡದಲ್ಲಿ ಮನೆಯೊಳಗಿನ ಸಂಕಟವನ್ನು ನೇರವಾಗಿ ನಿರೂಪಿಸಿದರು. ಮಲಯಾಳಂ ನಂಟನ್ನು ಅನುವಾದಗಳ ಮೂಲಕ ಉಳಿಸಿಕೊಂಡರು.

ನಮ್ಮ ಸಾಹಿತ್ಯ ಚರಿತ್ರೆಗಳು ಅವರನ್ನು 'ಮುಸ್ಲಿಂ ಲೇಖಕಿಯರಲ್ಲಿ ಮೊದಲಿಗರು' ಎಂದು ಗೌರವಿಸುತ್ತವೆ. ಈ ಗೌರವ ಸಲ್ಲತಕ್ಕದ್ದೇ. ಆದರೆ 'ಮೊದಲಿಗರು' ಎಂಬ ಪದ ವ್ಯಕ್ತಿಯನ್ನು ಒಂಟಿಯಾಗಿ ನಿಲ್ಲಿಸಿಬಿಡುತ್ತದೆ. 1990ರಿಂದ 1994ರವರೆಗೆ ಅವರು ಅಧ್ಯಕ್ಷೆಯಾಗಿದ್ದ ಮಂಗಳೂರಿನ ಸಂಸ್ಥೆಯ ಹೆಸರನ್ನು ಗಮನಿಸಬೇಕು: ಕರಾವಳಿ ಲೇಖಕಿಯರ ಮತ್ತು ವಾಚಕಿಯರ ಸಂಘ. ಬರೆಯುವವಳ ಪಕ್ಕದಲ್ಲಿ ಓದುವವಳಿಗೂ ಸಮಾನ ಸ್ಥಾನ ಕೊಟ್ಟ ಹೆಸರಿದು. ನಿಂದೆಗೆ ಗುರಿಯಾದ ಲೇಖಕಿಗೆ ಪ್ರಶಸ್ತಿಗಿಂತ ಮೊದಲು ಬೇಕಾಗುವುದು ಓದಿ ಜೊತೆಗೆ ನಿಲ್ಲುವ ಬಳಗ.

ಕನ್ನಡಕ್ಕೆ ಈ ವಿವೇಕ ಹೊಸತಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಕಾವ್ಯ ಬರೆದವಳೆಂದು ಪ್ರಸಿದ್ಧಳಲ್ಲ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿ ಕೃತಿಯನ್ನು ಉಳಿಸಿದವಳು. ಅವಳ ಹೆಸರಿನ ರಾಜ್ಯ ಪ್ರಶಸ್ತಿ ಸಾರಾ ಅವರಿಗೆ ಸಂದುದು ಔಚಿತ್ಯಪೂರ್ಣವಾಗಿತ್ತು.

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು, ಕೊಡಗಿನ ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಕೊಡ್ಲಿಪೇಟೆಯ ಆಚೀಚಿನ ಈ ಎರಡು ಜಿಲ್ಲೆಗಳ ಲೇಖಕಿಯರ ಸಂತೋಷವನ್ನು ನೋಡಲು ಸಾರಾ ಇರಲಿಲ್ಲ. ಆ ಪುಸ್ತಕವನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗಳು ಅದರ ಜೊತೆಗೆ 'ಚಂದ್ರಗಿರಿಯ ತೀರದಲ್ಲಿ'ಯನ್ನೂ ಓದಲಿ. ಹಿರಿಯ ಲೇಖಕಿಗೆ ಸಲ್ಲಿಸಬಹುದಾದ ಗೌರವ ಅವಳ ವಾಚಕರ ಬಳಗಕ್ಕೆ ಸೇರುವುದೇ ಆಗಿದೆ.