ತೆಗೆ

ತೆಗೆ (ಕ್ರಿಯಾಪದ). ಹಳಗನ್ನಡದಲ್ಲಿ ಇದಕ್ಕೆ ‘ಸೆಳೆ, ಎಳೆ’ ಎಂಬ ಅರ್ಥವೂ ಉಂಟು; ಬಿಲ್ಲನ್ನು ತೆಗೆಯುವುದೆಂದರೆ ನಾಣನ್ನು ಹಿಂದಕ್ಕೆ ಎಳೆಯುವುದು. ಎಳೆದರೆ ಕದ ತೆರೆಯುತ್ತದೆ, ಎಳೆದರೆ ಮುಳ್ಳು ಹೊರಬರುತ್ತದೆ. ಹಾಗಾಗಿ ‘ತೆರೆ’, ‘ಇಲ್ಲವಾಗಿಸು’ ಎರಡೂ ಇದೊಂದೇ ಪದದಲ್ಲಿ ನಿಂತಿವೆ. ತೆಲುಗಿನ ‘ತೀಯು’ಗೂ ಈ ಎರಡು ಅರ್ಥಗಳಿವೆ.

ಬೆಳಗಾವಿ, ಖಾನಾಪುರದ ಆಡುಮಾತಿನಲ್ಲಿ ಇದು ‘ತಗಿ’: ‘ಬಾಗಲಾ ತಗಿ’, ‘ಮುಳ್ಳ ತಗಿ’. ಪಕ್ಕದ ಮನೆಯ ಮರಾಠಿಯಲ್ಲಿ ಮೊದಲನೆಯದಕ್ಕೆ ‘ಉಘಡ್’, ಎರಡನೆಯದಕ್ಕೆ ‘ಕಾಢ್’, ಅಲ್ಲಿ ಗೊಂದಲವಿಲ್ಲ.

ಕನ್ನಡದ ಗೊಂದಲ ಕಾಣುವುದು ಕ್ಲೌಡ್ ಸರ್ವರಿನ ಫೈರ್‌ವಾಲ್ ಮುಂದೆ. ‘ಪೋರ್ಟ್ 22 ತಗಿ’ ಎಂದರೆ ಹೊರಗಿನವರಿಗೆ ದಾರಿ ಬಿಡು. ‘ಪೋರ್ಟ್ 22ರ ರೂಲ್ ತಗಿ’ ಎಂದರೆ ದಾರಿ ಮುಚ್ಚು. ಏಕೆಂದರೆ ಅಮೆಜಾನ್ ಕ್ಲೌಡಿನ ಫೈರ್‌ವಾಲ್ ಆದ ಸೆಕ್ಯುರಿಟಿ ಗ್ರೂಪಿನಲ್ಲಿ ಅನುಮತಿ ಕೊಡುವ ರೂಲುಗಳಷ್ಟೇ ಇರುತ್ತವೆ. ರೂಲ್ ಇಲ್ಲದ ಪೋರ್ಟಿಗೆ ಹೊರಗಿನಿಂದ ಯಾರೂ ಹೊಸದಾಗಿ ಬರಲಾರರು. ಅಲ್ಲಿ ರೂಲ್ ತೆಗೆಯುವ ಕಮಾಂಡ್ ‘ರಿವೋಕ್-ಸೆಕ್ಯುರಿಟಿ-ಗ್ರೂಪ್-ಇನ್‌ಗ್ರೆಸ್’. ಅಂದರೆ ಕೊಟ್ಟ ಪ್ರವೇಶವನ್ನು ಹಿಂಪಡೆ. ಅದಕ್ಕೆ ಗ್ರೂಪಿನ ಐಡಿಯ ಜೊತೆ ರೂಲಿನ ಐಡಿ ಕೊಡಬಹುದು; ಇಲ್ಲವಾದರೆ ಪ್ರೋಟೊಕಾಲ್, ಪೋರ್ಟ್, ಐಪಿ ವ್ಯಾಪ್ತಿ ಎಲ್ಲವನ್ನೂ ರೂಲ್ ಬರೆದಾಗ ಕೊಟ್ಟಂತೆಯೇ ಕೊಡಬೇಕು. ಎಲ್ಲರಿಗೂ ತೆರೆದಿಟ್ಟ 0.0.0.0/0 ಇದ್ದರೆ ಅದನ್ನೇ ಬರೆಯಬೇಕು. ಗೂಗಲ್ ಕ್ಲೌಡಿನಲ್ಲಾದರೆ ರೂಲಿನ ಹೆಸರು ಕೊಟ್ಟು ‘ಡಿಲೀಟ್’ ಎಂದರಾಯಿತು.

ಮನೆಮಾತಿನಲ್ಲಿ ‘ತಗಿ’ ಇರಲಿ. ಸರ್ವರ್ ನೋಡಿಕೊಳ್ಳುವವರಿಗೆ ಚೀಟಿ ಬರೆಯುವಾಗ ಮಾತ್ರ ‘ತೆರೆ’ ಅಥವಾ ‘ಅಳಿಸು’ ಎಂದೇ ಬರೆಯಿರಿ.