ಮಲೆನಾಡಿನ ಮುಯ್ಯಾಳು

ಕಳಸ, ಮೂಡಿಗೆರೆ ಸೀಮೆಯ ಸಣ್ಣ ಹಿಡುವಳಿಗಳಲ್ಲಿ ಗದ್ದೆ ಕೆಲಸ ಬಹುಕಾಲ ನಡೆದದ್ದು ಕೂಲಿಗಿಂತ ಹೆಚ್ಚಾಗಿ ಮುಯ್ಯಾಳಿನಿಂದ. ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಯಲ್ಲಿ ದುಡಿದರೆ, ಆ ಮನೆಯವರು ಅಷ್ಟೇ ಆಳು ಕಳಿಸಿ ಮುಯ್ಯಿ ತೀರಿಸಬೇಕು. ಹಣದ ಮಾತಿಲ್ಲ; ಆ ದಿನದ ಊಟ, ಕಾಫಿ, ಎಲೆಅಡಿಕೆ ಕೆಲಸವಿದ್ದ ಮನೆಯದು.

ಈ ಪದ್ಧತಿ ಬೇರುಬಿಡಲು ಮಳೆಯೇ ದೊಡ್ಡ ಕಾರಣ. ಕುದುರೆಮುಖದ ಸಾಲು ಅರಬ್ಬಿ ಸಮುದ್ರದ ಮುಂಗಾರಿಗೆ ನೇರ ಎದುರಾಗಿ ನಿಂತಿದೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಬೆಟ್ಟಗಳ ಸಂದಿನಲ್ಲಿ ಹಂತಹಂತವಾಗಿ ಇಳಿಯುವ ಗದ್ದೆಗಳಲ್ಲಿ ನೀರು ಮೇಲಿನ ಮಡಿಯಿಂದ ಕೆಳಗಿನ ಮಡಿಗೆ ಹರಿಯುತ್ತದೆ. ಮಳೆ ಹಿಡಿದ ಮೇಲೆ ಹೂಟಿ ಮುಗಿಯಬೇಕು, ಸಸಿ ಬಲಿತು ಕೆಡುವ ಮೊದಲು ನಾಟಿ ಆಗಬೇಕು. ಒಂಟಿ ಮನೆಯ ನಾಲ್ಕಾರು ಜನರಿಂದ ಆಗುವ ಕೆಲಸವಲ್ಲ. ಹೀಗಾಗಿ ನಾಟಿಯ ಸರದಿ ಮನೆಯಿಂದ ಮನೆಗೆ ಸಾಗುತ್ತಿತ್ತು. ಕಂಬಳಿ ಕೊಪ್ಪೆ ಹೊದ್ದ ಗಂಡಸರು ಹೂಟಿಗೆ, ಗೊರಬು ಹೊತ್ತ ಹೆಂಗಸರು ನಾಟಿಗೆ. ಕೊಯ್ಲು, ಒಕ್ಕಲು, ಮನೆಗೆ ಹುಲ್ಲು ಹೊದಿಸುವುದು, ಅಡಿಕೆ ಸುಲಿಯುವುದು ಎಲ್ಲಕ್ಕೂ ಹೀಗೆ ನೆರೆಯವರು ಕೂಡುವುದಿತ್ತು. ಅಡಿಕೆ ಸುಲಿತವಂತೂ ರಾತ್ರಿಯ ಕೆಲಸ. ಮೆಟ್ಟುಗತ್ತಿಯ ಮುಂದೆ ಕೂತವರ ನಿದ್ದೆ ಓಡಿಸಲು ಕತೆಗಳು ಬೇಕೇ ಬೇಕು.

ಲೆಕ್ಕವನ್ನು ಯಾರೂ ಬರೆದಿಡುತ್ತಿರಲಿಲ್ಲ, ಮರೆಯುತ್ತಲೂ ಇರಲಿಲ್ಲ. ಮುಯ್ಯಿ ತೀರಿಸದವರಿಗೆ ಮರುವರ್ಷ ಆಳು ಸಿಗುವುದು ಕಷ್ಟ. ಇದನ್ನು ಬರೀ ಔದಾರ್ಯವೆಂದು ಹೊಗಳುವವರಿಗೆ ಅದರ ಬಿಗಿ ಕಾಣುವುದಿಲ್ಲ. ಮತ್ತೊಂದನ್ನೂ ಹೇಳಲೇಬೇಕು: ಮುಯ್ಯಿ ನಡೆಯುತ್ತಿದ್ದುದು ಸರೀಕರ ನಡುವೆ. ಸಾಲಕ್ಕೆ ಸಿಕ್ಕಿ ಒಡೆಯರ ಮನೆಯಲ್ಲಿ ಜೀತಕ್ಕಿದ್ದವರಿಗೆ ನೆರೆಯವರನ್ನು ಕರೆಯಲು ಗದ್ದೆಯೇ ಇರಲಿಲ್ಲ. ಜೀತವನ್ನು ದೇಶದಾದ್ಯಂತ ರದ್ದುಮಾಡಿದ ಕಾಯ್ದೆ ಬಂದದ್ದು 1976ರಲ್ಲಿ.

ಕಾಫಿ ತಂದದ್ದು ಬೇರೆಯದೇ ಏರ್ಪಾಡು. ಸೂಫಿ ಸಂತ ಬಾಬಾಬುಡನ್ ತಂದರೆಂದು ಹೇಳುವ ಬೀಜದಿಂದ ಹಿತ್ತಿಲಲ್ಲಿ ಬೆಳೆಯುತ್ತಿದ್ದ ಗಿಡ, 19ನೇ ಶತಮಾನದಲ್ಲಿ ಯುರೋಪಿಯನ್ನರ ಎಸ್ಟೇಟುಗಳ ಬೆಳೆಯಾಯಿತು. ಮೇಸ್ತ್ರಿಗಳು ಮುಂಗಡ ಕೊಟ್ಟು ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಆಳು ತಂದರು. ಲೈನ್ ಮನೆಗಳಲ್ಲಿ ಹತ್ತಾರು ಸಂಸಾರಗಳು ಒಂದೇ ಸೂರಿನಡಿ ಬಾಳಿದವು, ತಾವಾಗಿ ಆರಿಸಿಕೊಂಡ ಸಹಬಾಳ್ವೆ ಅದಲ್ಲ. ವಸತಿ, ವೈದ್ಯಕೀಯ ಸೌಲಭ್ಯಗಳು ಮಾಲೀಕರ ಹೊಣೆಯೆಂದು ಕಾನೂನು ಹೇಳಿದ್ದು 1951ರಲ್ಲಿ. ಆದರೆ ಮಣ್ಣಿನ ಮಟ್ಟಿಗೆ ಹಳೆಯ ಕಾಫಿ ತೋಟ ಜಾಣತನದ್ದೇ: ಮೇಲೆ ಹಲಸು, ಅತ್ತಿಯಂಥ ಕಾಡುಮರಗಳ ಜೊತೆ ಹಾಲುವಾಣದ ನೆರಳು, ಕಾಂಡಕ್ಕೆ ಕರಿಮೆಣಸು, ಕೆಳಗೆ ಕಾಫಿ, ತಂಪಿದ್ದಲ್ಲಿ ಏಲಕ್ಕಿ, ನೆಲಕ್ಕೆ ತರಗೆಲೆಯ ಹೊದಿಕೆ.

ಆಸ್ಟ್ರೇಲಿಯದ ಬಿಲ್ ಮಾಲಿಸನ್, ಡೇವಿಡ್ ಹೋಲ್ಮ್‌ಗ್ರೆನ್ 1978ರಲ್ಲಿ ಪರ್ಮಾಕಲ್ಚರ್ (ಶಾಶ್ವತ ಕೃಷಿ) ಎಂಬ ಹೆಸರಿನಲ್ಲಿ ಪುಸ್ತಕ ಮಾಡಿ ಮುಂದಿಟ್ಟ ಚಿಂತನೆಯಲ್ಲಿ ಇಂಥ ಅಂತಸ್ತುಗಳ ತೋಟಕ್ಕೆ ದೊಡ್ಡ ಸ್ಥಾನವಿದೆ. ಅದಕ್ಕೆ ಹತ್ತಿರದ, ಜಪಾನಿನ ರೈತ ಫುಕುವೋಕಾ ಅವರ ವಿಚಾರ ಮಾತ್ರ ಕನ್ನಡಕ್ಕೆ ಈ ಬೆಟ್ಟಗಳಿಂದಲೇ ಹರಿಯಿತು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿ ಆ ವಿಚಾರ ಕುರಿತು 'ಸಹಜ ಕೃಷಿ' ಬರೆದರು.

ಕೂಲಿಯಿಲ್ಲದ ದುಡಿಮೆಯ ಮಾತಿಗೆ ಮರಳಿದರೆ, ಊಟ, ವಸತಿಗೆ ಬದಲಾಗಿ ಸಾವಯವ ತೋಟದಲ್ಲಿ ದುಡಿಯುವ ಸ್ವಯಂಸೇವೆಯ ಪದ್ಧತಿಗೆ 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ 'ವೂಫ್' ಹೆಸರುವಾಸಿ. ಸ್ಥಾಪಿಸಿದವರು ಲಂಡನ್ನಿನಲ್ಲಿ ಕಾರ್ಯದರ್ಶಿಯಾಗಿದ್ದ ಸ್ಯೂ ಕಾಪರ್ಡ್. ಹೊರನೋಟಕ್ಕೆ ಇದು ಮುಯ್ಯಾಳಿನ ನೆಂಟ. ಆದರೆ ಸ್ವಯಂಸೇವಕರ ಲೆಕ್ಕ ಊಟ, ಹಾಸಿಗೆಯೊಂದಿಗೆ ಅಂದಂದೇ ಚುಕ್ತಾ; ತೋಟದವರು ಅವರ ಊರಿಗೆ ಹೋಗಿ ದುಡಿಯಬೇಕಾಗಿಲ್ಲ. ಮುಯ್ಯಿಯ ಋಣ ಮಾತ್ರ ವರ್ಷದಿಂದ ವರ್ಷಕ್ಕೆ ಎರಡು ಮನೆಗಳನ್ನು ಕಟ್ಟಿಹಾಕುತ್ತಿತ್ತು.

ಮುಯ್ಯಾಳು ಸೊರಗಿದ್ದು ಗದ್ದೆಯೊಂದಿಗೆ. ಎಷ್ಟೋ ಗದ್ದೆಗಳು ಅಡಿಕೆ ತೋಟವಾದವು, ಹೂಟಿಗೆ ಟಿಲ್ಲರ್ ಬಂತು, ಮನೆಯ ಹುಡುಗರು ಸಂಬಳದ ಕೆಲಸ ಹಿಡಿದು ಪೇಟೆಗೆ ಇಳಿದರು. ಕಾಫಿ ಕೊಯ್ಲಿಗೆ ಈಗ ಅಸ್ಸಾಂ, ಪಶ್ಚಿಮ ಬಂಗಾಳದ ಕಡೆಯಿಂದಲೂ ಆಳುಗಳು ಬರುತ್ತಾರೆ, ಕೂಲಿಗೆ.