ಟೈಮ್‌ಔಟ್ ಬಂದರೆ ಹಣ ಹೋಯ್ತಾ? ಫೋನಿನಲ್ಲಿ ಓಡುವ ಆ ಟೈಮರ್ ಎಣಿಸುವುದಾದರೂ ಏನನ್ನು?

ಇಂಡಿಯಲ್ಲಿ ನಿಂಬೆಹಣ್ಣಿನ ಮೂಟೆ ಇಳಿಸಿ ಗಾಡಿ ಬಾಡಿಗೆ ಕೊಡುತ್ತಿದ್ದೀರಿ ಎಂದುಕೊಳ್ಳಿ. ಕ್ಯೂಆರ್ ಸ್ಕ್ಯಾನ್ ಆಯ್ತು, ಪಿನ್ ಒತ್ತಿದ್ದೂ ಆಯ್ತು. ಚಕ್ರ ತಿರುಗಿ ತಿರುಗಿ ಕೊನೆಗೆ ‘ಟೈಮ್‌ಔಟ್’ ಎಂದು ಬಂತು. ಗಾಡಿಯವರಿಗೆ ಮೆಸೇಜ್ ಬಂದಿಲ್ಲ. ಪಕ್ಕದಲ್ಲಿದ್ದವರು ಹೇಳುತ್ತಾರೆ: ‘ಹೋಗಿಲ್ಲರಿ, ಇನ್ನೊಮ್ಮೆ ಹಾಕ್ರಿ.’

ಟೈಮ್‌ಔಟ್ ಬಗ್ಗೆ ಗುಂಪುಗಳಲ್ಲಿ ತಿರುಗುವ ಮಾತುಗಳು ಮುಖ್ಯವಾಗಿ ಮೂರು. ಟೈಮ್‌ಔಟ್ ಆದರೆ ಹಣ ಹೋಗಿಲ್ಲ, ಮತ್ತೆ ಹಾಕಬಹುದು ಎನ್ನುವುದು ಒಂದು. ಕಡಿತವಾದ ಹಣ ಮುಳುಗಿತು, ವಾಪಸ್ ಬರಲ್ಲ ಎನ್ನುವುದು ಇನ್ನೊಂದು. ಫೋನಿನ ಗಡಿಯಾರ ಐದು ನಿಮಿಷ ಹಿಂದಿಟ್ಟರೆ ಒಟಿಪಿಗೆ ಹೆಚ್ಚು ಸಮಯ ಸಿಗುತ್ತದೆ ಎನ್ನುವುದು ಮೂರನೆಯದು. ಮೂರೂ ತಪ್ಪು. ಮೊದಲನೆಯದನ್ನು ನಂಬಿದರೆ ಎರಡು ಸಲ ಹಣ ಹೋಗಬಹುದು, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಟೈಮ್‌ಔಟ್ ಎಂದರೆ ‘ಆಗಲಿಲ್ಲ’ ಎಂದಲ್ಲ. ‘ಇಷ್ಟು ಹೊತ್ತು ಕಾದೆ, ಉತ್ತರ ಬರಲಿಲ್ಲ’ ಎಂದಷ್ಟೇ. ಮುದ್ದೇಬಿಹಾಳದಿಂದ ತಾಳಿಕೋಟೆಗೆ ಬಸ್ಸಿನಲ್ಲಿ ಪಾರ್ಸಲ್ ಕಳಿಸಿ, ‘ಮುಟ್ಟಿದ ಕೂಡಲೇ ಫೋನ್ ಮಾಡ್ರಿ’ ಎಂದಿದ್ದೀರಿ. ಎರಡು ತಾಸಾದರೂ ಫೋನ್ ಇಲ್ಲ. ಪಾರ್ಸಲ್ ಹೊರಟೇ ಇಲ್ಲದಿರಬಹುದು, ದಾರಿಯಲ್ಲಿರಬಹುದು, ಅಥವಾ ಮುಟ್ಟಿದೆ, ಆ ಕಡೆಯವರ ಫೋನಿಗೆ ನೆಟ್‌ವರ್ಕ್ ಸಿಗುತ್ತಿಲ್ಲ ಅಷ್ಟೇ ಎಂದೂ ಇರಬಹುದು. ಮುದ್ದೇಬಿಹಾಳದಲ್ಲಿ ಕೂತ ನಿಮಗೆ ಈ ಮೂರರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ನಿಮ್ಮ ಆ್ಯಪ್‌ನ ಪಾಡೂ ಅದೇ.

ಪ್ರತಿ ಯುಪಿಐ ಪಾವತಿಗೂ ಒಂದು ಪ್ರತ್ಯೇಕ ಸಂಖ್ಯೆ ಇರುತ್ತದೆ. ವ್ಯವಸ್ಥೆಯೇ ಅದೇ ಸಂಖ್ಯೆ ಹಿಡಿದು ವಿಚಾರಿಸಿದರೆ ‘ಹಳೆಯ ಪಾವತಿಯೇ’ ಎಂದು ಗುರುತು ಸಿಗುತ್ತದೆ. ನೀವು ಮತ್ತೆ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಅದು ಹೊಸ ಸಂಖ್ಯೆ, ಹೊಸ ಪಾವತಿ. ಮೊದಲನೆಯದು ತಡವಾಗಿ ದಾಟಿದರೆ ಎರಡೂ ಹೋದವು.

ಈ ಕಾಯುವಿಕೆಗೆ ಲೆಕ್ಕವಿದೆ. 2025ರ ಜೂನ್‌ನಿಂದ ಎನ್‌ಪಿಸಿಐ ಹಣ ಪಾವತಿಯ ಕೋರಿಕೆಗೆ ಉತ್ತರ ಕೊಡುವ ಗಡುವನ್ನು 30 ಸೆಕೆಂಡಿನಿಂದ 15ಕ್ಕೆ, ಸ್ಟೇಟಸ್ ಕೇಳುವ ಕೋರಿಕೆಯ ಗಡುವನ್ನು 30ರಿಂದ 10ಕ್ಕೆ ಇಳಿಸಿತು. ಅದೇ ವರ್ಷ ಆಗಸ್ಟ್ 1ರಿಂದ ಬಾಕಿ ನಿಂತ ಪಾವತಿಯ ಸ್ಟೇಟಸ್ ನೋಡಲು ಮೂರೇ ಅವಕಾಶ, ನಡುವೆ 90 ಸೆಕೆಂಡ್ ಅಂತರ. ಜಿಪುಣತನ ಅನ್ನಿಸಬಹುದು, ಆದರೆ ಹಿನ್ನೆಲೆ ನೋಡಿ: 2025ರ ಏಪ್ರಿಲ್ 12ರಂದು ದೇಶದಲ್ಲೆಡೆ ಯುಪಿಐ ಕೈಕೊಟ್ಟಾಗ, ಬ್ಯಾಂಕುಗಳಿಂದ ಮತ್ತೆ ಮತ್ತೆ ಬಂದ ‘ಏನಾಯ್ತು’ ಎಂಬ ಸ್ಟೇಟಸ್ ಕೋರಿಕೆಗಳ ಪ್ರವಾಹವೇ ಕಾರಣ ಎಂದು ಎನ್‌ಪಿಸಿಐ ಹೇಳಿತು. ಕಾದು ಕೇಳುವ ಬದಲು ಎಲ್ಲರೂ ಒಟ್ಟಿಗೆ ಕೇಳುತ್ತಲೇ ಇದ್ದರು.

ಹಣ ಮುಳುಗಿತು ಎನ್ನುವ ಮಾತಿಗೆ ಉತ್ತರ ಆರ್‌ಬಿಐನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಯುಪಿಐ ಹಣ ಕಡಿತವಾಗಿ ಆ ಕಡೆ ಜಮಾ ಆಗದಿದ್ದರೆ ಪಾವತಿಯ ಮರುದಿನದೊಳಗೆ ತಾನಾಗಿ ವಾಪಸ್ ಆಗಬೇಕು. ಅಂಗಡಿಗೆ ಕೊಟ್ಟ ಹಣವಾದರೆ 5 ದಿನ. ಮೀರಿದರೆ ದಿನಕ್ಕೆ ₹100 ಪರಿಹಾರ, ಅದನ್ನೂ ನೀವು ಕೇಳದೆಯೇ ಕೊಡಬೇಕು. ಬ್ಯಾಂಕಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್ ಇದ್ದಾರೆ. ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ, ಆ್ಯಪ್‌ನ ಒಳಗಿನ ಸಹಾಯವನ್ನೇ ಬಳಸಿ. ಸಿಕ್ಕಿಕೊಂಡ ಹಣ ಬಿಡಿಸಿಕೊಡುತ್ತೇವೆ ಎಂದು ಪಿನ್ ಕೇಳುವವರು ಕಳ್ಳರು. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇನ್ನು ಗಡಿಯಾರದ ವಿಷಯ. ಬ್ಯಾಂಕಿನ ಒಟಿಪಿ ಎಷ್ಟು ಹೊತ್ತು ನಡೆಯುತ್ತದೆ ಎಂದು ಎಣಿಸುವುದು ಬ್ಯಾಂಕಿನ ಸರ್ವರ್. ಪರದೆಯ ಮೇಲೆ ಓಡುವ ಅಂಕಿ ಅದರ ನೆರಳು ಮಾತ್ರ. ಫೋನಿನ ಗಡಿಯಾರ ತಿರುಗಿಸಿದರೆ ಸರ್ವರ್‌ಗೆ ಏನೂ ಆಗುವುದಿಲ್ಲ. ತಿರುಗಿಸಿದರೆ ಕೆಡುವುದು ಬೇರೊಂದು: 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್‌ಗಳು ಫೋನಿನ ಸಮಯವನ್ನೇ ನಂಬಿರುತ್ತವೆ. ಗಡಿಯಾರ ತಪ್ಪಿದರೆ ಅವುಗಳ ಕೋಡ್ ನಡೆಯುವುದಿಲ್ಲ.

ಪ್ರೋಗ್ರಾಂ ಬರೆಯುವವರೂ ಇಲ್ಲಿ ಎಡವುತ್ತಾರೆ. ಪ್ರತಿ ಸೆಕೆಂಡಿಗೆ ಒಂದು ಕಳೆಯುತ್ತಾ ಹೋದರೆ ಕೌಂಟ್‌ಡೌನ್ ಆಯ್ತಲ್ಲ ಎನ್ನಿಸುತ್ತದೆ. ಆದರೆ ನೀವು ವಾಟ್ಸಾಪ್ ನೋಡಲು ಹೋದಾಗ ಬ್ರೌಸರ್ ಹಿಂದಿನ ಪುಟದ ಟೈಮರನ್ನು ನಿಧಾನ ಮಾಡುತ್ತದೆ, ಲೆಕ್ಕ ಹಿಂದೆ ಬೀಳುತ್ತದೆ. ಹಾಗಾಗಿ ಮುಗಿಯುವ ಕ್ಷಣವನ್ನು ಮೊದಲೇ ಬರೆದಿಟ್ಟುಕೊಂಡು, ಪ್ರತಿ ಸಲ ಅದರಿಂದ ಈಗಿನ ಸಮಯ ಕಳೆಯುವುದು ಸರಿಯಾದ ದಾರಿ. ಆ ‘ಈಗಿನ ಸಮಯ’ವೂ ಗೋಡೆ ಗಡಿಯಾರದ್ದಾಗಬಾರದು, ಯಾರಾದರೂ ತಿರುಗಿಸಿದರೆ ಕೆಟ್ಟಿತು. ಎಂದೂ ಹಿಂದೆ ಹೋಗದ ಇನ್ನೊಂದು ಗಡಿಯಾರ ಕಂಪ್ಯೂಟರಿನಲ್ಲಿದೆ. ಪೈಥಾನ್ ಭಾಷೆಗೆ ಅದು 2012ರ 3.3 ಆವೃತ್ತಿಯಲ್ಲಿ ‘ಮೊನೊಟಾನಿಕ್’ ಎಂಬ ಹೆಸರಿನಲ್ಲಿ ಬಂತು. ಜಾವಾಸ್ಕ್ರಿಪ್ಟ್‌ನದು ಇನ್ನೊಂದು ತಮಾಷೆ: ಅದರ ಟೈಮರ್ ಸುಮಾರು 24.8 ದಿನಕ್ಕಿಂತ ಹೆಚ್ಚು ಎಣಿಸಲಾರದು. 30 ದಿನ ಬಿಟ್ಟು ನೆನಪಿಸು ಎಂದರೆ ತಕ್ಷಣವೇ ನೆನಪಿಸಿಬಿಡುತ್ತದೆ.

ಗಡುವು ಮತ್ತು ಅವಧಿಯ ವ್ಯತ್ಯಾಸ ಇಂಡಿ ಶಾಖಾ ಕಾಲುವೆಯ ಕೊನೆಯಂಚಿನ ರೈತರಿಗೆ ಬೇಗ ಹೊಳೆಯುತ್ತದೆ. ಕಾಲುವೆ ಇಂಥ ದಿನ ಬಂದ್ ಎಂದಾದರೆ ಮೇಲಿನವರಿಗೂ ಕೆಳಗಿನವರಿಗೂ ಅದೇ ದಿನ. ನೀರು ತಡವಾಗಿ ಮುಟ್ಟಿದಷ್ಟೂ ಉಳಿದ ದಿನ ಕಡಿಮೆ. ನಿಮ್ಮ ಪಾವತಿಯೂ ಆ್ಯಪ್, ನಿಮ್ಮ ಬ್ಯಾಂಕ್, ಎನ್‌ಪಿಸಿಐ, ಅವರ ಬ್ಯಾಂಕ್ ಎಂದು ಕೈ ದಾಟುತ್ತದೆ. ಪ್ರತಿಯೊಬ್ಬರೂ ತಮ್ಮದೇ ಹೊಸ 10 ಸೆಕೆಂಡ್ ಶುರು ಮಾಡಿದರೆ ನಾಲ್ಕು ಕಡೆ ಸೇರಿ 40 ಆಗುತ್ತದೆ, ಅಷ್ಟರಲ್ಲಿ ನೀವು ಆ್ಯಪ್ ಮುಚ್ಚಿರುತ್ತೀರಿ. ಅದಕ್ಕೇ ಒಳ್ಳೆಯ ಲೈಬ್ರರಿಗಳು ‘ಇಷ್ಟು ಸೆಕೆಂಡ್’ ಎನ್ನುವ ಬದಲು ‘ಇಂಥ ಕ್ಷಣದವರೆಗೆ’ ಎಂಬ ಒಂದೇ ಗಡುವನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಅದು ಮುಗಿದ ಮೇಲೆ ಯಾರೂ ಸುಮ್ಮನೆ ದುಡಿಯುವುದಿಲ್ಲ.

ಇನ್ನೊಂದು ಬಗೆಯ ಟೈಮರ್ ಇದೆ, ಅದು ಏನನ್ನೂ ಎಣಿಸುವುದಿಲ್ಲ. ‘ಆಫರ್ ಮುಗಿಯಲು 9 ನಿಮಿಷ’ ಎಂದು ಫಾರ್ವರ್ಡ್ ಲಿಂಕ್‌ನಲ್ಲಿ ಕೆಂಪಾಗಿ ಓಡುವುದು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಮೋಸದ ವಿನ್ಯಾಸಗಳಲ್ಲಿ ಇಂಥ ಸುಳ್ಳು ತುರ್ತೂ ಒಂದು. ಎಲ್ಲೋ ಈಗಾಗಲೇ ತೆರೆದಿದ್ದರೆ ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ ನೋಡಿ: ಅಂಕಿ ಮತ್ತೆ 9ಕ್ಕೇ ಹೋದರೆ ಆ ಗಡುವು ನಿಮ್ಮ ಫೋನಿನ ಪರದೆಯಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ.